ಅಪಘಾತ ಮಾಡಿದ ವಿಮೆಯಿಲ್ಲದ ವಾಹನವನ್ನು ಬಿಡುಗಡೆ ಮಾಡುವ ಮುನ್ನ ಪರಿಹಾರಕ್ಕೆ ಭದ್ರತೆ ಪಡೆಯಿರಿ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ಸಂತೆಕಟ್ಟೆ ಬಳಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ನಡೆದುಹೋಗುತ್ತಿದ್ದಾಗ ಹಿಂದಿನಿಂದ ಬಂದ ಬೈಕ್ ಡಿಕ್ಕಿ ಹೊಡೆದು ನನ್ನ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ನಾನು ಟೈಲರ್. ಇಪ್ಪತ್ತೆರಡು ವರ್ಷ ತುಳಿದ ಹೊಲಿಗೆ ಯಂತ್ರದ ಮುಂದೆ ಈಗ ಹತ್ತು ನಿಮಿಷ ಕುಳಿತರೆ ಪಾದ ಊದಿಕೊಳ್ಳುತ್ತದೆ. ಕತ್ತರಿಸಿಟ್ಟಿದ್ದ ರವಿಕೆ ಬಟ್ಟೆಗಳನ್ನು ಹಾಗೆಯೇ ಮಡಚಿ ಗಿರಾಕಿಗಳಿಗೆ ಮರಳಿಸಬೇಕಾಯಿತು.

ಸವಾರರು ಓಡಿಹೋಗಲಿಲ್ಲ, ಆಸ್ಪತ್ರೆಗೂ ಅವರೇ ಸೇರಿಸಿದರು. ಆದರೆ ಅವರು ಕೊಟ್ಟ ವಿಮಾ ಪತ್ರದ ಜೆರಾಕ್ಸ್ ಪ್ರತಿಯನ್ನು ವಕೀಲರು ನೋಡಿದಾಗ ಅವಧಿ ಮುಗಿದು ಐದು ತಿಂಗಳಾಗಿದ್ದುದು ತಿಳಿಯಿತು. ವಿಮೆ ಚಾಲ್ತಿಯಲ್ಲಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿ ನಿಗದಿಪಡಿಸುವ ಪರಿಹಾರವನ್ನು ವಿಮಾ ಕಂಪನಿ ಕಟ್ಟುತ್ತದೆ. ಇಲ್ಲದಿದ್ದರೆ ಅದು ಮಾಲೀಕರ ಮತ್ತು ಸವಾರರ ತಲೆಯ ಮೇಲೆ ಬರುತ್ತದೆ, ಅವರ ಬಳಿ ಹಣವಿಲ್ಲವೆಂದರೆ ಗಾಯಾಳುವಿನ ಕೈಯಲ್ಲಿ ಆದೇಶದ ಪ್ರತಿಯಷ್ಟೇ ಉಳಿಯುತ್ತದೆ. ಗುರುತು ಸಿಗದ ವಾಹನ ಗುದ್ದಿ ಪರಾರಿಯಾದರೆ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಕೇಂದ್ರದ ಯೋಜನೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಗುದ್ದಿದವರು ಯಾರೆಂದು ಗೊತ್ತಿದ್ದರೆ ಆ ಪರಿಹಾರವೂ ಸಿಗುವುದಿಲ್ಲ. ಇದು ನನಗೆ ಇಂದಿಗೂ ಅರಗಿಸಿಕೊಳ್ಳಲಾಗದ ಸಂಗತಿ.

ನನ್ನಂಥ ಗಾಯಾಳುಗಳಿಗೆ ಆಸರೆಯಾಗಲೆಂದೇ 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಪಘಾತ ಮಾಡಿದ ವಾಹನಕ್ಕೆ ವಿಮೆಯಿಲ್ಲದಿದ್ದರೆ ಮಾಲೀಕರು ಪರಿಹಾರಕ್ಕೆ ಸಾಕಷ್ಟು ಭದ್ರತೆ (ಹಣ ಕಟ್ಟುವ ಖಾತರಿ) ಒದಗಿಸದೆ ಪೊಲೀಸ್ ವಶದಲ್ಲಿರುವ ಅದನ್ನು ಬಿಡುಗಡೆ ಮಾಡಬಾರದು, ಒದಗಿಸದಿದ್ದರೆ ಮೂರು ತಿಂಗಳ ಬಳಿಕ ಹರಾಜು ಹಾಕಿ ಬಂದ ಹಣವನ್ನು ನ್ಯಾಯಮಂಡಳಿಯಲ್ಲಿ ಠೇವಣಿ ಇಡಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು ನಿರ್ದೇಶಿಸಿತು. ನನ್ನ ಪ್ರಕರಣದಲ್ಲಿ ಬೈಕ್ ಇಪ್ಪತ್ತು ದಿನಗಳೊಳಗೆ ಮಾಲೀಕರ ಕೈಸೇರಿತು. ನಾನು ಆಗಿನ್ನೂ ಹಾಸಿಗೆಯಲ್ಲಿದ್ದೆ. ಆಕ್ಷೇಪಿಸಬಹುದೆಂದು ಹೇಳಿದವರೂ ಇರಲಿಲ್ಲ. ಹಳೆಯ ಬೈಕಿಗೆ ಹೆಚ್ಚೇನೂ ಬೆಲೆ ಬಾರದು, ನಿಜ. ಆದರೆ ನನ್ನಂಥವರಿಗೆ ಮೂರು ತಿಂಗಳ ಔಷಧಿ, ಮನೆ ಬಾಡಿಗೆ ಅದರಲ್ಲಿ ಹೊರಡುತ್ತದೆ.

ಆದ್ದರಿಂದ ಉಡುಪಿ ಜಿಲ್ಲೆಯ ಎಲ್ಲ ಠಾಣೆಗಳಲ್ಲೂ ಅಪಘಾತದ ವಾಹನದ ವಿಮೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಜೆರಾಕ್ಸ್ ಪ್ರತಿ ನಂಬದೆ ಸರ್ಕಾರದ ವಾಹನ ಮಾಹಿತಿ ಜಾಲತಾಣವಾದ ಪರಿವಾಹನ್‌ನ ದಾಖಲೆಯಲ್ಲೇ ಪರಿಶೀಲಿಸಿ, ವಿಮೆಯಿಲ್ಲದಿದ್ದರೆ ವಾಹನ ಬಿಡುಗಡೆಯ ಅರ್ಜಿ ಬಂದಾಗ ಅದನ್ನು ನ್ಯಾಯಾಲಯದ ಗಮನಕ್ಕೆ ತರುವಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಸೂಚಿಸಬೇಕು. ಮಾಲೀಕರು ಪರಿಹಾರ ಕಟ್ಟದಿದ್ದಲ್ಲಿ ನ್ಯಾಯಮಂಡಳಿಯ ಪ್ರಮಾಣಪತ್ರದ ಮೇರೆಗೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅಂಥ ಕಡತಗಳು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಳೆಯದಂತೆಯೂ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

– ನೊಂದ ಓದುಗ, ಸಂತೆಕಟ್ಟೆ, ಉಡುಪಿ