ಮರುಮಾತಿಗೆ ಎಡೆಯಿಲ್ಲದ ಅಮೆರಿಕದ ರೇಡಿಯೊ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಬಲಪಂಥೀಯ ರಾಜಕಾರಣ ಈಗಿನ ಸ್ಥಿತಿಗೆ ಬಂದುದು ಹೇಗೆಂದು ವಿವರಿಸುವ ಲೇಖನವೊಂದು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾಗಿತ್ತು. ಟಿ.ವಿ. ವಾಹಿನಿಗಳೂ ಸಾಮಾಜಿಕ ಜಾಲತಾಣಗಳೂ ವಹಿಸಿದ ಪಾತ್ರವನ್ನು ಲೇಖಕರು ಚೆನ್ನಾಗಿಯೇ ಬಿಡಿಸಿ ಹೇಳಿದ್ದಾರೆ. ಆದರೆ ಅಷ್ಟು ದೀರ್ಘವಾದ ಬರಹದಲ್ಲಿ ರೇಡಿಯೊದ ಪ್ರಸ್ತಾಪ ಒಂದು ಸಾಲಿನಷ್ಟೂ ಇರಲಿಲ್ಲ. ಬಲಪಂಥೀಯರ ಟಿ.ವಿ. ವಾಹಿನಿ ಫಾಕ್ಸ್ ನ್ಯೂಸ್ ಆರಂಭವಾದದ್ದು 1996ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲೇ ಅದರ ಧಾಟಿ, ಸಿಟ್ಟು, ಕೇಳುಗನನ್ನು ಮನೆಯವನಂತೆ ಮಾತನಾಡಿಸುವ ಬಗೆ ಎಲ್ಲವೂ ರೇಡಿಯೊದಲ್ಲಿ ಪಳಗಿದ್ದವು. ರೇಡಿಯೊವನ್ನು ಬದಿಗಿಟ್ಟರೆ ಆ ದೇಶದ ವಿದೇಶಾಂಗ ನೀತಿಯ ಚರ್ಚೆಯಾಗಲಿ, ಪತ್ರಿಕೆಗಳ ಮೇಲೆ ಅಲ್ಲಿನ ಜನಕ್ಕಿರುವ ಅಪನಂಬಿಕೆಯಾಗಲಿ, ಅವರು ‘ಕಲ್ಚರ್ ವಾರ್’ ಎಂದು ಕರೆಯುವ ಸಂಸ್ಕೃತಿಯ ಜಗಳವಾಗಲಿ ಅರ್ಥವಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ಅದಕ್ಕೆ ಕಾರಣವನ್ನು ತಿಳಿಸಲು ಈ ಪತ್ರ.

ನಾನು ನಿವೃತ್ತ ಕಾಲೇಜು ಅಧ್ಯಾಪಕ. 2025ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಓಹಿಯೊ ರಾಜ್ಯದ ಕೊಲಂಬಸ್ ನಗರದ ಅಂಚಿನಲ್ಲಿರುವ ಮಗಳ ಮನೆಯಲ್ಲಿ ಇದ್ದು ಬಂದೆ. ಪಕ್ಕದ ಮನೆಯ ಹಿರಿಯರೊಬ್ಬರು ದಿನವೂ ಮಧ್ಯಾಹ್ನ 12ಕ್ಕೆ ಗ್ಯಾರೇಜಿನ ಬಾಗಿಲೆತ್ತಿ, ಕಪಾಟಿನ ಮೇಲಿದ್ದ ಹಳೆಯ ರೇಡಿಯೊ ಹಾಕಿಕೊಂಡು, 3 ಗಂಟೆಯವರೆಗೆ ಹುಲ್ಲು ಕತ್ತರಿಸುವ ಯಂತ್ರವನ್ನೋ ಮುರಿದ ಕುರ್ಚಿಯನ್ನೋ ರಿಪೇರಿ ಮಾಡುತ್ತ ಕೂರುತ್ತಿದ್ದರು. ನಮ್ಮಲ್ಲಿ ಮೀಡಿಯಂ ವೇವ್ ಎನ್ನುತ್ತಿದ್ದುದೇ ಅಲ್ಲಿಯ ಎ.ಎಂ. ರೇಡಿಯೊ. ಒಬ್ಬ ನಿರೂಪಕ, ಮೂರು ಗಂಟೆಯ ಮಾತು, ನಡುನಡುವೆ ಕೇಳುಗರ ಕರೆಗಳು. ಚಿನ್ನದ ನಾಣ್ಯ ಮಾರುವವರ ಜಾಹೀರಾತನ್ನೂ ಆ ನಿರೂಪಕರೇ, ದೇಶದ ಗತಿಯೇನೆಂದು ಹೇಳುತ್ತಿದ್ದ ಅದೇ ಆಪ್ತ ದನಿಯಲ್ಲಿ ಓದುತ್ತಿದ್ದುದರಿಂದ, ಅಭಿಪ್ರಾಯ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಯಿತೆಂದು ಹಲವು ಸಲ ತಿಳಿಯುತ್ತಲೇ ಇರಲಿಲ್ಲ. ಆ ಆಪ್ತತೆಯನ್ನು ನಾನು ಹಗುರವಾಗಿ ಕಾಣಲಾರೆ. ಹೆಂಡತಿಯನ್ನು ಕಳೆದುಕೊಂಡ ಆ ಹಿರಿಯರಿಗೆ ಹಗಲಿನಲ್ಲಿ ಜೊತೆಯಾಗಿದ್ದುದು ಅದೊಂದೇ ದನಿ.

ಸೆಪ್ಟೆಂಬರ್ 19ರಂದು, ನನ್ನ ಮಗಳಂತೆ ಹೊರದೇಶದಿಂದ ಬಂದು ಅಲ್ಲಿ ದುಡಿಯುವ ಪರಿಣತರಿಗೆ ಕೊಡುವ ಎಚ್-1ಬಿ ವೀಸಾದ ಹೊಸ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸುವ ಘೋಷಣೆ ಹೊರಬಿತ್ತು. ಅದು ಈಗಾಗಲೇ ವೀಸಾ ಇರುವವರಿಗೆ ಅನ್ವಯಿಸುವುದಿಲ್ಲವೆಂಬ ಸ್ಪಷ್ಟನೆ ಮರುದಿನ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಸೋಮವಾರ ಮಧ್ಯಾಹ್ನ ಟೊಮೆಟೊ ಕೊಡುತ್ತೇನೆಂದು ನೆರೆಯವರು ಕರೆದಾಗ ಗ್ಯಾರೇಜಿಗೆ ಹೋದೆ. ರೇಡಿಯೊದಲ್ಲಿ ಭಾರತದ ಎಂಜಿನಿಯರುಗಳ ವಿಚಾರ ನಡೆದಿತ್ತು. ಕಡಿಮೆ ಕೂಲಿಗೆ ಬರುವವರು, ಇಲ್ಲಿನ ಮಕ್ಕಳ ಅನ್ನ ಕಸಿಯುವವರು, ಈ ದೇಶದ ರೀತಿನೀತಿಗೆ ಎಂದೂ ಒಗ್ಗದವರು ಎಂಬ ಮಾತುಗಳು ಒಂದರ ಮೇಲೊಂದು ಬರುತ್ತಿದ್ದವು. ನನ್ನನ್ನು ಕಂಡು ಆ ಹಿರಿಯರು ಎದ್ದುಹೋಗಿ ದನಿ ತಗ್ಗಿಸಿದರು. ಆ ಸಂಕೋಚದಲ್ಲಿ ಒಳ್ಳೆಯತನವಿತ್ತು. ಆದರೂ ಆ ಗಳಿಗೆ ನನಗೆ ಬಹಳ ನೋವಾಯಿತು. ಮುಂದಿನ ಒಂದು ಗಂಟೆಯಲ್ಲಿ ಆರು ಕರೆಗಳು ಬಂದವು. ಆ ವೀಸಾದ ಮೇಲೆ ದುಡಿಯುವ ಒಬ್ಬರ ದನಿಯೂ ಕೇಳಿಬರಲಿಲ್ಲ.

ಮಾರನೆಯ ದಿನ ನಾನೇ ಆ ಕಾರ್ಯಕ್ರಮಕ್ಕೆ ಫೋನ್ ಮಾಡಿದೆ. ಅಲ್ಲಿ ಕರೆಗಳನ್ನು ಸೋಸುವುದಕ್ಕೆಂದೇ ಒಬ್ಬ ಸಹಾಯಕರಿರುತ್ತಾರೆ. ಹೆಸರೇನು, ಯಾವ ಊರು, ಏನು ಹೇಳುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಆ ಸಾಲು ನಿರೂಪಕರ ಮುಂದಿನ ಪರದೆಯಲ್ಲಿ ಮೂಡುತ್ತದೆ. ಯಾರನ್ನು ಮಾತಿಗೆ ಬಿಡಬೇಕೆಂಬುದು ನಿರೂಪಕರ ಇಷ್ಟ. ಮಗಳು ಇದೇ ವೀಸಾದಲ್ಲಿದ್ದಾಳೆ, ಎರಡೇ ಮಾತು ಹೇಳುತ್ತೇನೆ ಎಂದೆ. ಆ ತರುಣ ಸೌಜನ್ಯದಿಂದಲೇ ಕಾಯಲು ಹೇಳಿದ. ಮೂವತ್ತೈದು ನಿಮಿಷ ಕಾದೆ. ಕಾರ್ಯಕ್ರಮ ಮುಗಿದು ಸಂಪರ್ಕ ಕಡಿಯಿತು.

ಇದನ್ನು ಬರೆದದ್ದು ನನ್ನೊಬ್ಬನ ಬೇಸರ ತೋಡಿಕೊಳ್ಳಲು ಅಲ್ಲ. ನನ್ನಂತೆ ಕಾದವರಿಗೆ ಒಂದು ಕಾಲದಲ್ಲಿ ಅದೇ ದೇಶದಲ್ಲಿ ಕಾನೂನಿನ ಆಸರೆಯಿತ್ತು. ಪೆನ್ಸಿಲ್ವೇನಿಯಾದ ರೆಡ್ ಲಯನ್ ಎಂಬ ಸಣ್ಣ ಊರಿನ ರೇಡಿಯೊ ಕೇಂದ್ರ 1964ರಲ್ಲಿ ಬಿಲ್ಲಿ ಜೇಮ್ಸ್ ಹಾರ್ಗಿಸ್ ಎಂಬ ಪಾದ್ರಿಯ ಹದಿನೈದು ನಿಮಿಷದ ಭಾಷಣವನ್ನು ಬಿತ್ತರಿಸಿತು. ಆ ವರ್ಷ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಟೀಕಿಸಿ ಪುಸ್ತಕ ಬರೆದಿದ್ದ ಪತ್ರಕರ್ತ ಫ್ರೆಡ್ ಕುಕ್ ಅವರನ್ನು ಅದರಲ್ಲಿ ಹೆಸರು ಹಿಡಿದು ಜರೆಯಲಾಗಿತ್ತು. ಉತ್ತರಿಸಲು ಸಮಯ ಕೊಡಿ ಎಂದು ಕುಕ್ ಕೇಳಿದರು, ಕೇಂದ್ರ ಒಪ್ಪಲಿಲ್ಲ, ವಿವಾದ ಸುಪ್ರೀಂ ಕೋರ್ಟ್ ತಲುಪಿತು. ತರಂಗಗಳು ಸೀಮಿತವಾಗಿರುವಾಗ ಪ್ರಸಾರ ಮಾಡುವವರ ಹಕ್ಕಿಗಿಂತ ಕೇಳುವವರ ಹಕ್ಕೇ ಮೇಲೆಂದು ನ್ಯಾಯಾಲಯ 1969ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಸಾರ್ವಜನಿಕ ವಿವಾದದ ಚರ್ಚೆಯಲ್ಲಿ ಯಾರದಾದರೂ ಪ್ರಾಮಾಣಿಕತೆ ಅಥವಾ ನಡತೆಯ ಮೇಲೆ ದಾಳಿ ಮಾಡಿದರೆ, ಒಂದು ವಾರದೊಳಗೆ ಅವರಿಗೆ ತಿಳಿಸಿ, ಆಡಿದ ಮಾತಿನ ಪ್ರತಿ ಕೊಟ್ಟು, ಉತ್ತರಿಸಲು ಅವಕಾಶ ಮಾಡಿಕೊಡಬೇಕೆಂಬುದು ಆಗಿನ ನಿಯಮ.

ಈ ನಿಯಮದ ತಾಯಿಬೇರು ‘ಫೇರ್‌ನೆಸ್ ಡಾಕ್ಟ್ರಿನ್’. ವಿವಾದದ ವಿಷಯಗಳನ್ನು ಚರ್ಚಿಸಬೇಕು, ಚರ್ಚಿಸುವಾಗ ಎದುರು ಪಕ್ಷಕ್ಕೂ ಎಡೆ ಕೊಡಬೇಕು ಎಂದು 1949ರಲ್ಲಿ ಪ್ರಸಾರದ ಪರವಾನಗಿ ಕೊಡುವ ಸರ್ಕಾರಿ ಸಂಸ್ಥೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಹಾಕಿದ ಕಟ್ಟಳೆ ಅದು. ಅದನ್ನು ಹಾಡಿ ಹೊಗಳಲು ನಾನು ಸಿದ್ಧನಿಲ್ಲ. ಕೆನಡಿ, ಜಾನ್ಸನ್ ಅವರ ಕಾಲದಲ್ಲಿ ಡೆಮಾಕ್ರಟಿಕ್ ಪಕ್ಷದವರು ಬಲಪಂಥೀಯ ಕೇಂದ್ರಗಳನ್ನು ಕಾಡಲು ಇದೇ ಕಟ್ಟಳೆಯನ್ನು ಬಳಸಿದ್ದರು. ಫ್ರೆಡ್ ಕುಕ್ ಅವರ ಬರವಣಿಗೆಯ ಹಿಂದೆಯೂ ಆ ಪಕ್ಷದ ಬೆಂಬಲವಿತ್ತೆಂಬುದು ಮುಂದೆ ಬಯಲಾಯಿತು. ಗೊಡವೆಯೇ ಬೇಡವೆಂದು ಎಷ್ಟೋ ಕೇಂದ್ರಗಳು ರಾಜಕೀಯದ ಮಾತನ್ನೇ ಬಿಟ್ಟವು. 1987ರ ಆಗಸ್ಟ್‌ನಲ್ಲಿ, ರೇಗನ್ ಅಧ್ಯಕ್ಷರಾಗಿದ್ದಾಗ, ಕಮಿಷನ್ ಈ ಕಟ್ಟಳೆಯನ್ನು ಕೈಬಿಟ್ಟಿತು. ಅದನ್ನು ಶಾಸನವಾಗಿಯೇ ಉಳಿಸಬೇಕೆಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿದ್ದ ಮಸೂದೆಯನ್ನು ರೇಗನ್ ಅದಕ್ಕೂ ಮೊದಲೇ ತಡೆದಿದ್ದರು. ವೈಯಕ್ತಿಕ ದಾಳಿಗೆ ಉತ್ತರಿಸುವ ಹಕ್ಕು ಮಾತ್ರ ಬಡಕಲಾಗಿ ಉಳಿದುಕೊಂಡು 2000ದಲ್ಲಿ ಅದೂ ಹೋಯಿತು. ದೊಡ್ಡ ನಷ್ಟವಾದದ್ದು ಮೊದಲನೆಯದರಿಂದಲ್ಲ, ಎರಡನೆಯದರಿಂದ ಎಂಬುದು ನನ್ನ ತಿಳಿವಳಿಕೆ. ಎಲ್ಲ ಅಭಿಪ್ರಾಯಗಳನ್ನೂ ತಕ್ಕಡಿಯಲ್ಲಿಟ್ಟು ತೂಗುವ ಕೆಲಸವನ್ನು ಸರ್ಕಾರಕ್ಕೆ ಒಪ್ಪಿಸುವುದು ಅಪಾಯವೇ ಸರಿ; ಬೈಸಿಕೊಂಡವರು ಎದ್ದುನಿಂತು ಉತ್ತರಿಸುವುದಕ್ಕೆ ಅಂಥ ತಕ್ಕಡಿ ಬೇಕಿಲ್ಲ.

ಕಟ್ಟಳೆ ಹೋದ ಮರುವರ್ಷ, 1988ರ ಆಗಸ್ಟ್ 1ರಂದು, ಮಿಸೌರಿಯ ಬಲಪಂಥೀಯ ನಿರೂಪಕ ರಶ್ ಲಿಂಬಾ ಅವರ ಕಾರ್ಯಕ್ರಮ ದೇಶದುದ್ದಕ್ಕೂ ಪ್ರಸಾರವಾಗತೊಡಗಿತು. ಕಾಲಕ್ರಮೇಣ 600ಕ್ಕೂ ಹೆಚ್ಚು ಕೇಂದ್ರಗಳು ಅದನ್ನು ಬಿತ್ತರಿಸಿದವು. ಚರ್ಚಿಗೆ ಹೋಗುವ, ಸಣ್ಣ ಊರುಗಳಲ್ಲಿ ಬಾಳುವ ಲಕ್ಷಾಂತರ ಜನಕ್ಕೆ ಮೂರು ದೊಡ್ಡ ಟಿ.ವಿ. ಜಾಲಗಳಲ್ಲಿ ತಮ್ಮ ದನಿ ಕೇಳುತ್ತಿರಲಿಲ್ಲ ಎಂಬುದು ನಿಜ, ಆ ಕೊರಗು ಸುಳ್ಳಲ್ಲ. ಆ ಬರಿದಾದ ಜಾಗವನ್ನು ಲಿಂಬಾ ತುಂಬಿದರು. 1994ರಲ್ಲಿ ರಿಪಬ್ಲಿಕನ್ನರು ಕೆಳಮನೆಯನ್ನು ಗೆದ್ದಾಗ ಹೊಸ ಸದಸ್ಯರು ಅವರನ್ನು ಗೌರವ ಸದಸ್ಯರೆಂದು ಕರೆದು ಸನ್ಮಾನಿಸಿದರು. 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಒಂದು ಕಂಪನಿ ದೇಶದಲ್ಲಿ ಎಷ್ಟು ರೇಡಿಯೊ ಕೇಂದ್ರಗಳನ್ನು ಹೊಂದಬಹುದೆಂಬ ಮಿತಿಯನ್ನೂ ತೆಗೆದುಹಾಕಿತು. ಕ್ಲಿಯರ್ ಚಾನೆಲ್ ಎಂಬ ಒಂದೇ ಸಂಸ್ಥೆ ಸುಮಾರು 1,200 ಕೇಂದ್ರಗಳಿಗೆ ಬೆಳೆಯಿತು. ಊರಿನ ವಿಷಯ ಮಾತನಾಡುತ್ತಿದ್ದ ಊರಿನ ನಿರೂಪಕರ ಜಾಗಕ್ಕೆ ದೂರದಿಂದ ಬರುವ ಒಂದೇ ದನಿ ಬಂತು.

ವಿದೇಶಾಂಗ ನೀತಿಯ ವಿಷಯದಲ್ಲಿ ಇದರ ಫಲ ಎದ್ದುಕಾಣುತ್ತದೆ. 2003ರಲ್ಲಿ ಇರಾಕ್ ಯುದ್ಧವನ್ನು ಈ ರೇಡಿಯೊದ ದೊಡ್ಡ ದನಿಗಳು ಬೆಂಬಲಿಸಿದವು. ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ನಡೆಸಿದ ಚಿತ್ರಹಿಂಸೆಯ ಫೋಟೊಗಳು 2004ರಲ್ಲಿ ಹೊರಬಿದ್ದಾಗ ಲಿಂಬಾ ಅದನ್ನು ಕಾಲೇಜು ಹುಡುಗರ ಗುಪ್ತ ಸಂಘದ ದೀಕ್ಷೆಗೆ ಹೋಲಿಸಿದರು. 2016ರ ಫೆಬ್ರುವರಿಯಲ್ಲಿ ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್‌ನಲ್ಲಿ ನಡೆದ ರಿಪಬ್ಲಿಕನ್ ಸ್ಪರ್ಧಿಗಳ ಚರ್ಚೆಯಲ್ಲಿ ಟ್ರಂಪ್ ಅವರು, ಆ ಯುದ್ಧ ಸುಳ್ಳಿನ ಮೇಲೆ ನಡೆಯಿತೆಂದರು. ಒಂದು ವಾರದ ನಂತರ ಅದೇ ರಾಜ್ಯದ ಪ್ರೈಮರಿಯನ್ನು, ಎಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನವನ್ನು, ಗೆದ್ದರು. ಅಲ್ಲಿಂದ ಮುಂದೆ ರೇಡಿಯೊದ ಮಾತು ನಿಧಾನವಾಗಿ ಹೊರಳಿತು, ಹೊರಳಿದ್ದೇಕೆ ಎಂಬ ವಿವರಣೆ ಕೇಳುಗರಿಗೆ ಸಿಕ್ಕಿದ್ದು ಅಪರೂಪ. ಇಂಥದೇ ರೇಡಿಯೊ ನಿರೂಪಕ ಗ್ಲೆನ್ ಬೆಕ್ ಅವರು 2014ರಲ್ಲೇ, ಇರಾಕ್ ವಿಷಯದಲ್ಲಿ ಉದಾರವಾದಿಗಳ ಮಾತೇ ಸರಿಯಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡದ್ದನ್ನು ಇಲ್ಲಿ ಗೌರವದಿಂದ ಹೇಳಬೇಕು. ನಮ್ಮ ನೆರೆಯವರ ಮಗ ಇರಾಕಿನಲ್ಲಿ ಎರಡು ಸಲ ಸೇವೆ ಸಲ್ಲಿಸಿ ಬಂದವನು. “ಅಂದು ರೇಡಿಯೊ ಕೇಳಿ ನಾನೇ ಅವನ ಬೆನ್ನು ತಟ್ಟಿ ಕಳುಹಿಸಿದ್ದೆ. ಈಗ ಅದು ಮೂರ್ಖರ ಯುದ್ಧ ಎನ್ನುತ್ತಾರೆ. ನಾನು ಕೇಳುವವರಲ್ಲಿ ಒಬ್ಬರೂ ತಾವು ತಪ್ಪಿದೆವು ಎನ್ನಲಿಲ್ಲ” ಎಂದು ಅವರು ಒಂದು ಸಂಜೆ ನನ್ನೊಡನೆ ಹೇಳಿದರು. 2025ರ ಜೂನ್‌ನಲ್ಲಿ ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್‌ಗಳ ಅಣುಕೇಂದ್ರಗಳ ಮೇಲೆ ಅಮೆರಿಕ ಬಾಂಬು ಹಾಕುವ ಹೊತ್ತಿಗೆ ದಾಳಿಯ ಪರ ನಿಂತ ರೇಡಿಯೊ ನಿರೂಪಕ ಮಾರ್ಕ್ ಲೆವಿನ್ ಅವರೂ ವಿರೋಧಿಸಿದ, ಹಿಂದೆ ಫಾಕ್ಸ್ ನ್ಯೂಸ್‌ನಲ್ಲಿದ್ದ ನಿರೂಪಕ ಟಕರ್ ಕಾರ್ಲ್‌ಸನ್ ಅವರೂ ತಮ್ಮ ತಮ್ಮ ವೇದಿಕೆಗಳಿಂದ ಒಬ್ಬರನ್ನೊಬ್ಬರು ಜರೆದರು. ಒಂದು ದೇಶ ಯುದ್ಧಕ್ಕಿಳಿಯಬೇಕೇ ಬೇಡವೇ ಎಂಬ ಪ್ರಶ್ನೆಯಾದರೂ ಎರಡು ಕಡೆಯವರನ್ನು ಎದುರುಬದುರು ಕೂರಿಸಿ ಕೇಳುವಂಥದ್ದಲ್ಲವೇ?

ಸಂಸ್ಕೃತಿಯ ಜಗಳಗಳಲ್ಲಿ ಪೆಟ್ಟು ಬೀಳುವುದು ಇನ್ನೂ ಸಣ್ಣವರ ಮೇಲೆ. ಗರ್ಭನಿರೋಧಕಗಳ ಖರ್ಚನ್ನು ವಿಮೆ ಭರಿಸಬೇಕೆಂದು 2012ರಲ್ಲಿ ಸಂಸತ್ ಸದಸ್ಯರ ಮುಂದೆ ಹೇಳಿಕೆ ಕೊಟ್ಟ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿಯೊಬ್ಬರನ್ನು ಲಿಂಬಾ ದಿನಗಟ್ಟಲೆ ಹೀನಾಯವಾಗಿ ನಿಂದಿಸಿದರು. ಜಾಹೀರಾತುದಾರರು ಒಬ್ಬೊಬ್ಬರಾಗಿ ಕೈಬಿಡತೊಡಗಿದ ಮೇಲೆ ಕ್ಷಮೆ ಬಂತು. ಆ ಹೆಣ್ಣುಮಗಳಿಗೆ ಅದೇ ಕೇಂದ್ರಗಳಲ್ಲಿ, ಅದೇ ಕೇಳುಗರ ಮುಂದೆ ಉತ್ತರಿಸುವ ಹಕ್ಕು ಹನ್ನೆರಡು ವರ್ಷ ಮೊದಲೇ ಹೋಗಿತ್ತು. ಮಿಲ್ವಾಕಿಯಲ್ಲಿ 23 ವರ್ಷ ಇಂಥದೇ ಬಲಪಂಥೀಯ ಕಾರ್ಯಕ್ರಮ ನಡೆಸಿದ ಚಾರ್ಲಿ ಸೈಕ್ಸ್ 2016ರ ಕೊನೆಗೆ ರೇಡಿಯೊ ಬಿಟ್ಟರು. ಪತ್ರಿಕೆಗಳನ್ನು ನಂಬಬೇಡಿ ಎಂದು ವರ್ಷಗಟ್ಟಲೆ ಹೇಳುತ್ತ ಬಂದದ್ದರಿಂದ, ಕೇಳುಗರ ನಡುವೆ ಹರಡಿದ ಸುಳ್ಳನ್ನು ಸುಳ್ಳೆಂದು ತಾನೇ ಹೇಳಿದರೂ ನಂಬುವವರಿಲ್ಲದಂತಾಯಿತು ಎಂಬ ಅರ್ಥದ ಮಾತನ್ನು ಅವರು ನೊಂದು ಹೇಳಿದ್ದರು. ಎಡಪಂಥೀಯರು ಇಂಥ ಸಾಹಸ ಮಾಡಲಿಲ್ಲವೆಂದಲ್ಲ. 2004ರಲ್ಲಿ ಆರಂಭವಾದ ಏರ್ ಅಮೆರಿಕ ಎಂಬ ಅವರ ಜಾಲ 2010ರಲ್ಲಿ ಮುಚ್ಚಿತು. ಅದು ಉಳಿದಿದ್ದರೂ ಇನ್ನೊಂದು ಕಡೆಯ ಏಕಾಂಗಿ ಭಾಷಣವೇ ಆಗಿರುತ್ತಿತ್ತು.

ನಮ್ಮಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು 2001ರಲ್ಲಿ ಬೆಂಗಳೂರಿನಿಂದಲೇ ಆರಂಭವಾದವು. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಬಿತ್ತರಿಸುವುದರ ಹೊರತು ಸ್ವಂತ ಸುದ್ದಿ ಪ್ರಸಾರಕ್ಕೆ ಅವುಗಳಿಗೆ ಅನುಮತಿ ಇಲ್ಲ. ಈ ನಿರ್ಬಂಧ ಸಡಿಲವಾಗಬೇಕೆಂಬ ಬೇಡಿಕೆಗೆ ನನ್ನ ಪೂರ್ಣ ಸಹಮತವಿದೆ. ‘ಆಕಾಶವಾಣಿ’ ಎಂಬ ಹೆಸರಿನಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಅವರ ನಾಡಿನವರು ಮುಕ್ತ ರೇಡಿಯೊಗೆ ಅಂಜಬೇಕಾಗಿಲ್ಲ. ತರಂಗಗಳು ಸಾರ್ವಜನಿಕ ಆಸ್ತಿಯೆಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಆ ಮಾತಿಗೆ ತಕ್ಕಂತೆ, ಸುದ್ದಿಯ ಬಾಗಿಲು ತೆರೆಯುವ ದಿನವೇ ಪರವಾನಗಿಯ ಷರತ್ತಿನಲ್ಲಿ ಒಂದು ಸಾಲು ಸೇರಲಿ: ಹೆಸರು ಹಿಡಿದು ದೂಷಿಸಲ್ಪಟ್ಟ ವ್ಯಕ್ತಿಗೆ ಅದೇ ಕಾರ್ಯಕ್ರಮದಲ್ಲಿ, ಅದೇ ಹೊತ್ತಿನಲ್ಲಿ, ವಾರದೊಳಗೆ ಉತ್ತರಿಸಲು ಅವಕಾಶವಿರಲಿ. ಅದಕ್ಕಿಂತ ಹೆಚ್ಚಿನ ಅಧಿಕಾರವನ್ನು ಸರ್ಕಾರಕ್ಕೆ ಕೊಡುವುದು ಬೇಡ.

ಆ ಸೆಪ್ಟೆಂಬರ್ ಮಧ್ಯಾಹ್ನ ನಾನು ಫೋನಿನಲ್ಲಿ ಹೇಳಬೇಕೆಂದಿದ್ದ ಎರಡು ಮಾತನ್ನು ತಮ್ಮ ಅಂಕಣದಲ್ಲಿ ದಾಖಲಿಸಲು ಅನುಮತಿ ಕೋರುತ್ತೇನೆ. ನನ್ನ ಮಗಳ ಸಂಬಳ ಅವಳ ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ಅಮೆರಿಕನ್ ಹುಡುಗಿಯ ಸಂಬಳಕ್ಕಿಂತ ಒಂದು ಡಾಲರ್ ಕೂಡ ಕಡಿಮೆಯಿಲ್ಲ. ಒಂಬತ್ತು ವರ್ಷಗಳಿಂದ ಅವಳು ಆ ದೇಶಕ್ಕೆ ತೆರಿಗೆ ಕಟ್ಟುತ್ತಿದ್ದಾಳೆ, ಗ್ರೀನ್ ಕಾರ್ಡಿನ ಸರದಿಗೆ ಇನ್ನೂ ಕಾಯುತ್ತಿದ್ದಾಳೆ, ಪಕ್ಕದ ಮನೆಯ ಹಿರಿಯರಿಗೆ ಎದೆನೋವು ಬಂದ ರಾತ್ರಿ ಕಾರು ಓಡಿಸಿಕೊಂಡು ಅವರನ್ನು ಆಸ್ಪತ್ರೆಗೆ ಸೇರಿಸಿದವಳೂ ಅವಳೇ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕ, ಶಿವಮೊಗ್ಗ