1076ರ ಬಗ್ಗೆ ಬರೆಯಲು ಹೊರಟ ತಂಗಿಗೆ

ಪ್ರೀತಿಯ ತಂಗೀ,

ನೀನು ಕಳಿಸಿದ್ದನ್ನು ಓದಿದೆ. ತುಂಬಾ ಓದಿಕೊಂಡು ಬರೆದಿದ್ದೀಯ. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ, ಚೋಳರಲ್ಲಿ ಕುಲೋತ್ತುಂಗ, ಲಂಕೆಯಲ್ಲಿ ವಿಜಯಬಾಹು, ಇಸ್ಫಹಾನಿನಲ್ಲಿ ಮಲಿಕ್ ಷಾ, ಚೀನಾದಲ್ಲಿ ಶೆನ್‌ಜೋಂಗ್, ಇಂಗ್ಲೆಂಡಿನಲ್ಲಿ ವಿಲಿಯಂ, ಜರ್ಮನಿಯಲ್ಲಿ ನಾಲ್ಕನೇ ಹೆನ್ರಿ. ಯಾರನ್ನೂ ಬಿಟ್ಟಿಲ್ಲ. ಆದರೆ ರಿಸೆಪ್ಶನ್ನಿನಲ್ಲಿ ಸ್ಟೇಜ್ ಹತ್ತಿ, ಫೋಟೋ ತೆಗೆಸಿಕೊಂಡು, ಆ ಕಡೆಯಿಂದ ಇಳಿದು ಹೋಗುವವರ ಹಾಗೆ ಹೋಗಿಬಿಡುತ್ತಾರೆ. ಓದಿ ಮುಗಿಸಿದ ಮೇಲೆ ಒಬ್ಬರ ಮುಖವೂ ನೆನಪಿರುವುದಿಲ್ಲ.

ಈ ವರ್ಷವನ್ನೇ ಯಾಕೆ ಹಿಡಿದೆ? ನೀನೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀಯ: ವಿಕ್ರಮಾದಿತ್ಯ ಪಟ್ಟಕ್ಕೆ ಬಂದ, ಚಾಲುಕ್ಯ ವಿಕ್ರಮ ವರ್ಷ ಶುರು ಮಾಡಿದ. ಅಲ್ಲೇ ನಿಲ್ಲಬೇಕಿತ್ತು ಕಣಮ್ಮ. ಬೇರೆ ವರ್ಷಗಳಿಗೆ ನಾವು ಈಗ ಕೂತು ಮಹತ್ವ ಕಟ್ಟುತ್ತೇವೆ. ಇದಕ್ಕೆ ಒಬ್ಬ ರಾಜನೇ ಆಗಲೇ ಕಟ್ಟಿಬಿಟ್ಟಿದ್ದಾನೆ. ಶಕವರ್ಷ 998, ನಳ ಸಂವತ್ಸರ. ಅದನ್ನು ಅವನು ಒಂದನೇ ವರ್ಷ ಅಂದ. ಶಕವರ್ಷವನ್ನು ಅಳಿಸಿ ತನ್ನ ಲೆಕ್ಕ ನಿಲ್ಲಿಸಿದ ಎಂದು ಶಾಸನ ಅವನನ್ನು ಹೊಗಳುತ್ತದೆ. ಒಂದರಿಂದ ಎಣಿಸುವವನಿಗೆ ಅದರ ಹಿಂದಿನದು ಜನಕ್ಕೆ ಮರೆತುಹೋಗಲಿ ಅಂತ ಇರುತ್ತದೆ, ಅಲ್ವಾ?

ಹಿಂದೆ ಇದ್ದವನು ಅವನ ಅಣ್ಣ. ಎರಡನೇ ಸೋಮೇಶ್ವರ, ಭುವನೈಕಮಲ್ಲ. 1068ರಲ್ಲಿ ಅಪ್ಪ ಮೊದಲನೇ ಸೋಮೇಶ್ವರ ಕಾಯಿಲೆ ವಾಸಿಯಾಗದೆ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗನಿಗೆ ಪಟ್ಟವಾಯಿತು. ಎಂಟು ವರ್ಷ ಕಳೆಯುವಷ್ಟರಲ್ಲಿ ತಮ್ಮ ಅವನನ್ನು ಸೋಲಿಸಿ ಸೆರೆಗೆ ಹಾಕಿ ಸಿಂಹಾಸನದಲ್ಲಿ ಕೂತ. ನಿನ್ನ ಬರಹದಲ್ಲಿ ಇದು 'ಅಣ್ಣನ ದುರಾಡಳಿತದಿಂದ ಬೇಸತ್ತು' ಎಂದಾಗಿದೆ. ಈ ಮಾತು ನಿನಗೆ ಯಾರು ಹೇಳಿದರು?

ಬಿಲ್ಹಣ ಹೇಳಿದ. ಕಾಶ್ಮೀರದಿಂದ ಹೊರಟು ಊರೂರು ಅಲೆದು ಕಲ್ಯಾಣಕ್ಕೆ ಬಂದು, ಇದೇ ವಿಕ್ರಮಾದಿತ್ಯನಿಂದ 'ವಿದ್ಯಾಪತಿ' ಎನ್ನಿಸಿಕೊಂಡ ಕವಿ. ಅವನ 'ವಿಕ್ರಮಾಂಕದೇವಚರಿತ'ದಲ್ಲಿ ಅಪ್ಪ ಈ ಕಿರಿಯ ಮಗನಿಗೇ ಯುವರಾಜ ಪಟ್ಟ ಕೊಡಲು ಹೊರಡುತ್ತಾನೆ. ಮಗ, ಅಣ್ಣ ಇರುವಾಗ ನನಗೆ ಬೇಡ ಅನ್ನುತ್ತಾನೆ. ಮುಂದೆ ಅಣ್ಣ ಕೆಡುತ್ತಾನೆ. ಆಗಲೂ ತಮ್ಮನಿಗೆ ಯುದ್ಧ ಇಷ್ಟವಿಲ್ಲ. ಶಿವನೇ ಕನಸಿನಲ್ಲಿ ಬಂದು ಅಪ್ಪಣೆ ಕೊಡಬೇಕಾಗುತ್ತದೆ. ಸಿಂಹಾಸನದ ಆಸೆಯೇ ಇಲ್ಲದವನ ಕೈಗೆ ಸಿಂಹಾಸನ ಬರಲು ದೇವರೇ ಇಷ್ಟು ಓಡಾಡಿದ್ದಾನೆ ಅಂದರೆ, ಕವಿಗೆ ಎಷ್ಟು ಕಷ್ಟವಾಗಿರಬೇಕು ನೋಡು!

ಹಾಗಂತ ಬಿಲ್ಹಣ ಸುಳ್ಳುಗಾರ ಎಂದು ಬರೆದು ಕೈ ತೊಳೆದುಕೊಳ್ಳಬೇಡ. ಅವನು ಆಸ್ಥಾನ ಕವಿ, ತನ್ನ ಕೆಲಸ ಮಾಡಿದ. ಅದನ್ನು ಪಕ್ಕಕ್ಕಿಟ್ಟು ಶಾಸನ ಓದುವುದು ನಿನ್ನ ಕೆಲಸ. ಬಳ್ಳಿಗಾವೆಯಲ್ಲಿ ಭುವನೈಕಮಲ್ಲನ ಕಾಲದ ಶಾಸನಗಳಿವೆ. ಬಿ.ಎಲ್. ರೈಸ್ ತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಏಳನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಭಾಗ ತೆಗೆದು ನೋಡು. ದಾನ, ದೇವಸ್ಥಾನ, ಸಾಮಂತರ ಹೆಸರು. ರಾಜ್ಯ ಹಾಳು ಮಾಡಿದವನ ಸುಳಿವು ಸಿಗುವುದಿಲ್ಲ. ಶಾಸನಗಳೂ ಆಳುವವನನ್ನು ಹೊಗಳುತ್ತವೆ, ನಿಜ. ಆದರೆ ಇವು ಅಣ್ಣನ ಕಡೆಯ ಹೊಗಳಿಕೆ. ಎರಡನ್ನೂ ಎದುರುಬದುರು ಕೂರಿಸು.

ಒಡಹುಟ್ಟಿದವರ ಪಟ್ಟದ ಜಗಳ, ಗೆದ್ದವನ ಮಾತು ಎಂಬ ಈ ಎಳೆ ಹಿಡಿದರೆ ನಿನ್ನ ಉಳಿದ ರಾಜರಲ್ಲಿ ಯಾರು ಬೇಕು, ಯಾರು ಬೇಡ ಎಂದು ತಾನಾಗೇ ಗೊತ್ತಾಗುತ್ತದೆ. ಅದೇ ವರ್ಷ ಜೂನ್ 4ರಂದು ಈಗಿನ ಸ್ಪೇನಿನಲ್ಲಿದ್ದ ನವಾರ ದೇಶದ ರಾಜ ಸಾಂಚೋನನ್ನು ಪೆನ್ಯಾಲೆನ್ ಎಂಬಲ್ಲಿ ಅವನ ತಮ್ಮ, ತಂಗಿಯರೇ ಸೇರಿ ಬೆಟ್ಟದಿಂದ ತಳ್ಳಿಸಿ ಕೊಂದರು. ಆದರೆ ರಾಜ್ಯ ಅವರ ಕೈಗೆ ಬರಲಿಲ್ಲ. ಪಕ್ಕದ ಆರಗಾನಿನ ರಾಜನೂ ಕ್ಯಾಸ್ಟೀಲಿನ ಅಲ್ಫೋನ್ಸೋನೂ ಹಂಚಿಕೊಂಡರು. ಆ ಅಲ್ಫೋನ್ಸೋ ತನ್ನ ತಮ್ಮ ಗಾರ್ಸಿಯಾನನ್ನು 1073ರಿಂದಲೇ ಸೆರೆಯಲ್ಲಿಟ್ಟಿದ್ದ. ಕೀವ್‌ನಲ್ಲಿ ಅಣ್ಣನನ್ನು ಓಡಿಸಿ ಪಟ್ಟ ಹಿಡಿದಿದ್ದ ಸ್ವ್ಯಾತೊಸ್ಲಾವ್ ಡಿಸೆಂಬರಿನಲ್ಲಿ ತೀರಿಕೊಂಡ. ಈ ಮೂವರು ನಿನ್ನ ಪಟ್ಟಿಯಲ್ಲೇ ಇಲ್ಲ! ವಿಲಿಯಂನನ್ನು ಬಿಟ್ಟರೂ ನಡೆಯುತ್ತದೆ. ಚೀನಾ ವಿಷಯ ಇನ್ನೊಂದು ಬರಹಕ್ಕೆ ಇಟ್ಟುಕೋ. ಶೆನ್‌ಜೋಂಗನ ಮಂತ್ರಿ ವಾಂಗ್ ಅನ್‌ಷಿ ಅಧಿಕಾರ ಬಿಟ್ಟದ್ದನ್ನು ಎರಡು ಸಾಲಿನಲ್ಲಿ ಹೇಳಲು ಆಗುವುದಿಲ್ಲ.

ಹೆನ್ರಿಯನ್ನು ಮಾತ್ರ ಇರಲಿ ಬಿಡು. ಅಲ್ಲಿ ಇನ್ನೊಂದು ತಮಾಷೆ ಇದೆ. 1076ರ ಫೆಬ್ರವರಿಯಲ್ಲಿ ಪೋಪ್ ಏಳನೇ ಗ್ರೆಗರಿ ಅವನಿಗೆ ಬಹಿಷ್ಕಾರ ಹಾಕಿದ. ಪೋಪ್ ಇಳಿದುಕೊಂಡಿದ್ದ ಕನೋಸ್ಸಾ ಕೋಟೆ ಬಾಗಿಲಲ್ಲಿ ಹೆನ್ರಿ ಕ್ಷಮೆ ಬೇಡಿ ಮೂರು ದಿನ ಬರಿಗಾಲಲ್ಲಿ ನಿಂತದ್ದು 1077ರ ಜನವರಿಯಲ್ಲಿ. ಅದು ಮುಂದಿನ ವರ್ಷದ್ದು ಎಂದು ನೀನು ಕೈಬಿಟ್ಟಿದ್ದೀಯ. ಕಲ್ಯಾಣದ ಲೆಕ್ಕದಲ್ಲಿ ವರ್ಷ ಯುಗಾದಿಯಿಂದ ಶುರು. ಅಂದರೆ ಬಹಿಷ್ಕಾರ ಹಾಕಿದ್ದು ಹಿಂದಿನ ಸಂವತ್ಸರದಲ್ಲಿ, ಹೆನ್ರಿ ಬಾಗಿಲಲ್ಲಿ ನಿಂತದ್ದು ವಿಕ್ರಮ ವರ್ಷ ಒಂದರಲ್ಲಿ. ಅಂದಹಾಗೆ ಆ ಬರಿಗಾಲಿನ ಚಿತ್ರ ನಮಗೆ ಬಂದಿರುವುದು ಗ್ರೆಗರಿಯೇ ಜರ್ಮನ್ ಸಾಮಂತರಿಗೆ ಬರೆದ ಕಾಗದದಿಂದ. ಅಲ್ಲೂ ಗೆದ್ದವನದೇ ಮಾತು.

ಮಲಿಕ್ ಷಾನನ್ನೂ ತರಬಹುದು, ಆದರೆ ಯುದ್ಧಗಳಿಗಾಗಿ ಬೇಡ. 1079ರಲ್ಲಿ ಅವನ ಬಿರುದಿನ ಮೇಲೆ ಜಲಾಲಿ ಪಂಚಾಂಗ ಬಂತು. ಉಮರ್ ಖಯ್ಯಾಮನಂಥವರು ಕೂತು ಸೂರ್ಯನ ಲೆಕ್ಕ ಸರಿಮಾಡಿದ್ದರು. ನಮ್ಮವನು ತಿಥಿ, ಮಾಸ ಯಾವುದನ್ನೂ ಮುಟ್ಟಲಿಲ್ಲ, ಎಣಿಕೆಯನ್ನಷ್ಟೇ ತನ್ನ ಹೆಸರಿಗೆ ಮಾಡಿಕೊಂಡ. ಐವತ್ತು ವರ್ಷ ಆಳಿದ್ದರಿಂದ ಅದು ನಡೆಯಿತು. ಮಗ ಮೂರನೇ ಸೋಮೇಶ್ವರ ಬಂದವನೇ ತನ್ನದೇ ಭೂಲೋಕಮಲ್ಲ ವರ್ಷ ಶುರು ಮಾಡಿದ. ಇವತ್ತು ನಮ್ಮ ಪಂಚಾಂಗದಲ್ಲಿ ಉಳಿದಿರುವುದು ಅಳಿಸಿಹೋಗಬೇಕಿದ್ದ ಶಕವರ್ಷವೇ.

ಕೊನೆಗೆ ಜಯಸಿಂಹ. ನಿನ್ನ ಬರಹದಲ್ಲಿ ಅವನ ಹೆಸರೇ ಇಲ್ಲ, ನನಗೆ ಅದೇ ಜಾಸ್ತಿ ಬೇಜಾರು. ವಿಕ್ರಮಾದಿತ್ಯನ ತಮ್ಮ. ಅವನ ಜೊತೆ ನಿಂತವನು. ಬನವಾಸಿ ಜಯಸಿಂಹನ ಕೈಯಲ್ಲಿತ್ತು, ಶಾಸನಗಳು ಅವನನ್ನು ಯುವರಾಜ ಎಂದೇ ಕರೆಯುತ್ತವೆ. ಕೆಲವೇ ವರ್ಷಗಳಲ್ಲಿ ಅವನೂ ಅಣ್ಣನ ಮೇಲೆ ತಿರುಗಿಬಿದ್ದ. ಸೋತು ಸೆರೆಯಾದ. ಇದನ್ನೂ ಬಿಲ್ಹಣ ಬರೆದಿದ್ದಾನೆ. ಈ ಸಲ ತಮ್ಮನದೇ ತಪ್ಪು, ಅಣ್ಣನದೇ ನ್ಯಾಯ! ಈ ಎರಡು ಭಾಗಗಳನ್ನು ಒಟ್ಟಿಗೆ ಓದಿ ಅಲ್ಲಿಂದಲೇ ಬರಹ ಶುರು ಮಾಡು.

ಶಾಸನದ ಕಾಲ ಹಾಕುವಾಗ ವಿಕ್ರಮ ವರ್ಷಕ್ಕೆ 1075 ಕೂಡಿಸು. ಮೂವತ್ತೇಳನೇ ವರ್ಷ ಅಂದರೆ 1112, ಇಟಗಿಯ ಮಹಾದೇವ ದೇವಾಲಯದ ಕಾಲ. ಮಾಘ, ಫಾಲ್ಗುಣದ ತಿಥಿ ಇದ್ದರೆ ಸಾಮಾನ್ಯವಾಗಿ ಇನ್ನೊಂದು ಕೂಡಿಸಬೇಕು. ನಿನ್ನ ಎರಡನೇ ಪುಟದಲ್ಲಿ ಅಂಥದ್ದೊಂದು ತಪ್ಪಿದೆ, ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದೇನೆ. ತಿದ್ದಿ ಕಳಿಸು.

ನಿನ್ನ
ಅಣ್ಣ