ಪಂಕ್ತಿ ತಡ ಆದ್ರೆ ಶುಗರ್ ಗುಳಿಗೆ ನುಂಗಿದವ್ರು ಏನ್ ಮಾಡ್ಬೇಕು?

ಮಾನ್ಯ ಸಂಪಾದಕರೇ,

ನಮ್ಮ ಕುಮಟಾ, ಹೊನ್ನಾವರ, ಶಿರಸಿ ಕಡೆ ಮದುವೆ ಇರ್ಲಿ ಉಪನಯನ ಇರ್ಲಿ, ಊಟಕ್ಕೆ ಎಲೆ ಹಾಕೋವಾಗ ಒಂದೂವರೆ ಎರಡು ಗಂಟೆ ಆಗೇ ಆಗ್ತದೆ, ಶ್ರಾದ್ಧದ ಮನೇಲಂತೂ ಮೂರಾದ್ರೂ ಆಯ್ತು. ಬಂದವ್ರಲ್ಲಿ ವಯಸ್ಸಾದವ್ರು ಬಹಳ ಜನ ಬೆಳಿಗ್ಗೆ ಏಳಕ್ಕೇ ಶುಗರ್ ಗುಳಿಗೆ ನುಂಗಿ, ಎರಡು ತೆಳ್ಳೇವು ತಿಂದು ಬಸ್ ಹಿಡಿದು ಬಂದಿರ್ತಾರೆ, ಕೆಲವ್ರು ಹೇಗೂ ಅಲ್ಲಿ ಊಟ ಇದ್ಯಲ್ಲ ಅಂತ ತಿಂಡಿನೂ ಬಿಟ್ಟಿರ್ತಾರೆ. ಇವ್ರ ಬಗ್ಗೆ ಕಾರ್ಯ ಮಾಡೋ ಮನೆಯವ್ರು ಯೋಚ್ನೆ ಮಾಡೋದು ಬಹಳ ಕಡಿಮೆ, ಅದಕ್ಕೇ ಈ ಪತ್ರ.

ನಾನು ಮೆಡಿಕಲ್ ಶಾಪ್ ನಡೆಸೋನು. ಅಂಗಡಿಗೆ ಬರೋ ಚೀಟಿಲಿ ಹೆಚ್ಚಾಗಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮಿಪಿರೈಡ್ ಇರ್ತದೆ. ಮೆಟ್‌ಫಾರ್ಮಿನ್ ಒಂದೇ ತಗೊಂಡ್ರೆ ಶುಗರ್ ತೀರಾ ಕೆಳಗೆ ಹೋಗೋದು ಅಪರೂಪ, ಆದ್ರೆ ಗ್ಲಿಮಿಪಿರೈಡ್ ಹಾಗಲ್ಲ, ನೀವು ಉಂಡ್ರೂ ಉಣ್ಣದಿದ್ರೂ ಅದು ದೇಹದಲ್ಲಿ ಇನ್ಸುಲಿನ್ ಹೊರಡಿಸ್ತಾನೇ ಇರ್ತದೆ, ಇನ್ಸುಲಿನ್ ಇಂಜೆಕ್ಷನ್ ಚುಚ್ಚಿಕೊಂಡವ್ರದ್ದೂ ಇದೇ ಕತೆ. ಊಟ ಎರಡು ತಾಸು ತಡ ಆದ್ರೆ ಶುಗರ್ 70ಕ್ಕಿಂತ ಕೆಳಗೆ ಇಳೀಬಹುದು, 54ರ ಕೆಳಗೆ ಹೋದ್ರೆ ಅಪಾಯ.

ಈಚೆಗೆ ನೆಂಟರ ಮನೆ ಉಪನಯನದಲ್ಲಿ ಹಿರಿಯರೊಬ್ರು ಚಪ್ಪರದ ಕಂಬಕ್ಕೆ ಒರಗಿ ಕೂತಿದ್ರು, ಅಂಗಿ ಬೆನ್ನಿಗೆ ಅಂಟೋವಷ್ಟು ಬೆವರು, ಕೈ ನಡುಗ್ತಾ ಇತ್ತು, ಮಾತಾಡ್ಸಿದ ಮಗಳ ಮೇಲೆ ಸುಮ್ಸುಮ್ನೆ ರೇಗ್ತಾ ಇದ್ರು. ಸುತ್ತ ನಿಂತವ್ರೆಲ್ಲ ಬಿಪಿ ಲೋ ಆಗಿದೆ ಅಂತ ಉಪ್ಪು ಹಾಕಿದ ಮಜ್ಜಿಗೆ ಕುಡಿಸ್ತಾ ಇದ್ರು. ಮಗಳ ಚೀಲದಲ್ಲಿ ಗ್ಲೂಕೋಮೀಟರ್ ಇತ್ತು, ಬೆರಳು ಒರೆಸಿ ಚುಚ್ಚಿ ನೋಡಿದ್ರೆ 52. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದ್ವಿ, ಕಾಲು ತಾಸು ಬಿಟ್ಟು ನೋಡಿದಾಗ 84, ಮಾತು ಸರಿಯಾಯ್ತು, ಮಗಳು ಆಗ ಅತ್ತಿದ್ದು. ಉಪ್ಪು ಮಜ್ಜಿಗೆಯಿಂದ ಇಳಿದ ಶುಗರ್ ಏರೋದಿಲ್ಲ, ಅಲ್ಲಿ ಕಳೆದ ಸಮಯ ಹೋಯ್ತು ಅಷ್ಟೇ.

ಎಲ್ರೂ ತಿಳ್ಕೊಳ್ಳಬೇಕಾದ್ದು ಇದು. ಶುಗರ್ ಔಷಧಿ ತಗೊಳ್ಳೋರಿಗೆ ಬೆವರು, ನಡುಕ, ವಿಪರೀತ ಹಸಿವು, ಎದೆ ಬಡಿತ ಬಂದ್ರೆ, ಮೀಟರ್ ಇಲ್ಲದಿದ್ರೂ ಕಾಯ್ತಾ ಕೂರಬೇಡಿ, ಮೊದಲು ಸಕ್ಕರೆ ನೀರು ಕೊಡಿ, ಜೋನಿ ಬೆಲ್ಲ ಇದ್ರೆ ಒಂದು ದೊಡ್ಡ ಚಮಚ ನೀರಲ್ಲಿ ಕದಡಿ ಕೊಟ್ರೂ ಆಗ್ತದೆ. ಲಾಡು, ಹೋಳಿಗೆ, ಚಾಕ್ಲೇಟ್ ಕೊಡೋರಿದ್ದಾರೆ, ಅದರ ತುಪ್ಪ ಜಿಡ್ಡಿಂದಾಗಿ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ ಆಗ್ತದೆ. ವೋಗ್ಲಿಬೋಸ್ ಅನ್ನೋ ಶುಗರ್ ಗುಳಿಗೆ ತಗೊಳ್ಳೋರಿಗೆ ಮಾತ್ರ ಸಕ್ಕರೆ ಬೆಲ್ಲ ಬೇಗ ಹತ್ತೋದಿಲ್ಲ, ಅವ್ರಿಗೆ ಗ್ಲೂಕೋಸ್ ಪೌಡರೇ ಬೇಕು, ಇದನ್ನ ಗುಳಿಗೆ ಕೊಡೋವಾಗ ನಾವು ಅಂಗಡಿಯವ್ರೇ ಹೇಳ್ಬೇಕು. ಹದಿನೈದು ನಿಮಿಷಕ್ಕೂ ಏರದಿದ್ರೆ ಇನ್ನೊಂದು ಸಲ ಕೊಡಿ. ಪ್ರಜ್ಞೆ ಇಲ್ಲದವ್ರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗ್ತದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಚೇತರಿಸಿಕೊಂಡವ್ರಿಗೂ ಊಟ ಇನ್ನೂ ತಡ ಇದ್ರೆ ಒಂದು ಬಟ್ಟಲು ಅವಲಕ್ಕಿ ಕೊಡ್ಬೇಕು, ಡಾಕ್ಟರ್‌ಗೂ ತೋರಿಸ್ಬೇಕು, ಯಾಕಂದ್ರೆ ಗ್ಲಿಮಿಪಿರೈಡ್ ಗುಳಿಗೆಯ ಪ್ರಭಾವ ಬಹಳ ಹೊತ್ತು ಇರ್ತದೆ, ಶುಗರ್ ಮತ್ತೆ ಇಳೀಬಹುದು.

ಬಿಪಿ ಲೋ ಆಗೋದು ಬೇರೆ ವಿಷಯ, ಅದು ಹೆಚ್ಚಾಗಿ ಊಟ ಆದ್ಮೇಲೆ. ನೆಲದ ಪಂಕ್ತಿಲಿ ಮುಕ್ಕಾಲು ತಾಸು ಚಕ್ಕಳಮಕ್ಕಳ ಹಾಕಿ ಕೂತು, ಹೊಟ್ಟೆ ತುಂಬ ಅನ್ನ ಹೋಳಿಗೆ ಉಂಡು, ಗಬಕ್ಕನೆ ಎದ್ದು ಕೈ ತೊಳೆಯೋಕೆ ಹೋಗೋ ಅಜ್ಜ ಅಜ್ಜಿಯಂದಿರಿಗೆ ಅಲ್ಲೇ ನಲ್ಲಿ ಹತ್ರ ಕಣ್ಣು ಕತ್ತಲೆ ಬರ್ತದೆ. ಉಂಡ ಕೂಡ್ಲೇ ರಕ್ತ ಜಾಸ್ತಿ ಹೊಟ್ಟೆ ಕಡೆ ಹೋಗ್ತದೆ, ಎದ್ದು ನಿಂತಾಗ ಕಾಲಿಗೂ ಇಳೀತದೆ, ಮೇಲಿನ ಬಿಪಿ 20 ಪಾಯಿಂಟ್ ಕಡಿಮೆ ಆದ್ರೆ ತಲೆಗೆ ಸಾಕಾಗೋದಿಲ್ಲ. ಇವ್ರಿಗೆ ಸಕ್ಕರೆ ನೀರು ಕುಡಿಸೋದಲ್ಲ, ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡಿ. ಊಟಕ್ಕೆ ಮೊದಲು ಒಂದೆರಡು ಲೋಟ ನೀರು ಕುಡಿಯೋದು, ಅನ್ನ ಸ್ವಲ್ಪ ಸ್ವಲ್ಪ ಹಾಕಿಸಿಕೊಳ್ಳೋದು, ಮೇಜಿನ ಪಂಕ್ತಿಲಿ ಕೂರೋದು, ಎದ್ದ ಕೂಡ್ಲೇ ನಡೆಯದೇ ಒಂದು ನಿಮಿಷ ಏನಾದ್ರೂ ಹಿಡಿದು ನಿಲ್ಲೋದು, ಇಷ್ಟು ಮಾಡಿದ್ರೆ ಬಹಳ ವ್ಯತ್ಯಾಸ ಆಗ್ತದೆ. ಏಪ್ರಿಲ್ ಮೇ ಸೆಖೆಲಿ ಬೆವತು ಸುಸ್ತಾದವ್ರಿಗೆ ನಮ್ಮ ಅಪ್ಪೆಹುಳಿ, ಉಪ್ಪು ಹಾಕಿದ ಮಜ್ಜಿಗೆ ಒಳ್ಳೇದೇ, ನನಗಂತೂ ಬಾಟ್ಲಿ ಜ್ಯೂಸಿಗಿಂತ ಅದರ ಮೇಲೇ ನಂಬಿಕೆ. ಆದ್ರೆ ಹಾರ್ಟ್, ಕಿಡ್ನಿ ತೊಂದ್ರೆ ಇದ್ದವ್ರು ಡಾಕ್ಟರ್ ಕೇಳದೆ ಉಪ್ಪು ಜಾಸ್ತಿ ಮಾಡಬಾರ್ದು, ಕಿಡ್ನಿಯವ್ರು ಎಳನೀರನ್ನೂ ಕೇಳಿಯೇ ಕುಡೀಬೇಕು, ಅದ್ರಲ್ಲಿ ಪೊಟ್ಯಾಸಿಯಂ ಜಾಸ್ತಿ. ತಲೆ ತಿರುಗ್ತದೆ ಅಂತ ಬಿಪಿ ಗುಳಿಗೆ ತಾವೇ ನಿಲ್ಲಿಸೋದೂ ಬೇಡ.

ನೈವೇದ್ಯ ಆಗದೆ ಎಲೆ ಹಾಕೋದು ಹೇಗೆ ಅಂತ ಕೇಳ್ತಾರೆ, ಆಚಾರ ಬಿಡಿ ಅಂತ ನಾನು ಹೇಳೋದಿಲ್ಲ. ಬಂದವ್ರಿಗೆ ಬೆಲ್ಲ ನೀರು ಕೊಟ್ಟು ಆಸ್ರಿಗೆ, ಅಂದ್ರೆ ಕುಡಿಯೋಕೆ ಏನು ಬೇಕು ಅಂತ, ಕೇಳೋ ಪದ್ಧತಿ ನಮ್ಮಲ್ಲಿ ಇದ್ದೇ ಇದೆ, ಹನ್ನೊಂದೂವರೆ ಹೊತ್ತಿಗೆ ಒಂದು ಮೂಲೆಲಿ ಅವಲಕ್ಕಿ, ಬಾಳೆಹಣ್ಣು, ಬೇಯಿಸಿದ ಕಡಲೆಕಾಳು ಇಟ್ಟು ಶುಗರ್ ಇದ್ದವ್ರು ಬನ್ನಿ ಅಂತ ಕರೆದ್ರೆ ಯಾರ ಮಡಿಗೂ ಭಂಗ ಇಲ್ಲ. ಮೊದಲ ಪಂಕ್ತಿಲಿ ಅವ್ರಿಗೇ ಜಾಗ ಇಡಿ. ಸಂಕೋಚಕ್ಕೆ ಬಾಯಿ ಬಿಡದವ್ರೇ ಜಾಸ್ತಿ, ಆದ್ದರಿಂದ ಮನೆಯವ್ರೇ ಕೇಳ್ಬೇಕು. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸ ಮಾಡೋ ಶುಗರ್‌ನವ್ರು ಗುಳಿಗೆ ಹೊತ್ತು ಬದಲಾಯಿಸ್ಬೇಕಾ ಅಂತ ಮುಂಚೆಯೇ ಡಾಕ್ಟರ್ ಹತ್ರ ಕೇಳಿ, ಆ ದಿನ ಬೆಳಿಗ್ಗೆ ಅಂಗಡಿಗೆ ಬಂದು ನನ್ನನ್ನ ಕೇಳಿದ್ರೆ ನಾನು ಹೇಳೋ ಹಾಗಿಲ್ಲ.

ಪೇಪರಿನಲ್ಲಿ ಶುಗರ್ ಏರೋದರ ಬಗ್ಗೆ, ಬಿಪಿ ಏರೋದರ ಬಗ್ಗೆ ಓದ್ತಾನೇ ಇರ್ತೀವಿ, ಇಳಿಯೋದರ ಬಗ್ಗೆ ಕಾಣೋದು ಕಡಿಮೆ. ಮದುವೆ ಸೀಸನ್ ಶುರು ಆಗೋ ಮೊದಲು ನಮ್ಮ ಜಿಲ್ಲೆಯ ಒಬ್ಬ ವೈದ್ಯರ ಹತ್ರ ಬರೆಸಿ ನಿಮ್ಮ ಆರೋಗ್ಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ಅದನ್ನ ಕತ್ತರಿಸಿ ಅಂಗಡಿ ಕೌಂಟರಿಗೆ ಅಂಟಿಸ್ತೇನೆ, ಅಡುಗೆ ಭಟ್ರಿಗೂ ಒಂದೊಂದು ಜೆರಾಕ್ಸ್ ಕೊಡ್ತೇನೆ.

ಇಂತಿ,
ಒಬ್ಬ ಓದುಗ, ಕುಮಟಾ